ಗೇಮಿಂಗ್ ಕಂಪ್ಯೂಟರ್ ಅಸೆಂಬಲ್ ಮಾಡಿಸುತ್ತಿದ್ದೀರಾ? ಪರದೆಯಿಂದ ಶುರು ಮಾಡಿ

ಹೋದ ತಿಂಗಳು ಶಿವಮೊಗ್ಗದಿಂದ ಅಕ್ಕನ ಮಗ ವಾಟ್ಸಾಪ್‌ನಲ್ಲಿ ಒಂದು ಚೀಟಿಯ ಫೋಟೊ ಕಳಿಸಿದ. ಅಂಗಡಿಯಲ್ಲಿ ಬರೆದುಕೊಟ್ಟ ಕೊಟೇಶನ್ ಅದು. ನೀಲಿ ಪೆನ್ನಿನಲ್ಲಿ ನಾಲ್ಕೇ ಸಾಲು: ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್. ಕೆಳಗೆ ‘ಗೇಮಿಂಗ್ ಕ್ಯಾಬಿನೆಟ್ ಸೇರಿ’ ಅಂತ ಇತ್ತು. “ಮಾಮ, ಐ7 ಇದೆ, 16 ಜಿಬಿ ಇದೆ. ತಗೊಳ್ಳಲಾ?” ಅಂತ ಕೇಳಿದ.

ಎರಡೇ ಪ್ರಶ್ನೆ ಕೇಳಿಕೊಂಡು ಬಾ ಅಂದೆ. ಐ7 ಅಂದರೆ ಎಷ್ಟನೇ ಜನರೇಷನ್? ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಹೆಸರೇನು? ಸಂಜೆ ಉತ್ತರ ಬಂತು. ಐ7-2600, ಜಿಟಿ 730. ಪ್ರೊಸೆಸರ್ 2011ರದು, ಕಾರ್ಡ್ 2014ರದು. ಹಳೇ ಪ್ರೊಸೆಸರನ್ನು ಈಗಲೂ ಹೊಸದಾಗಿ ತಯಾರಾಗಿ ಬರುವ ಎಚ್61 ಮದರ್‌ಬೋರ್ಡಿಗೆ (ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆ) ಹಾಕಿ, ಬಣ್ಣದ ದೀಪದ ಕ್ಯಾಬಿನೆಟ್‌ನಲ್ಲಿ ಕೂರಿಸಿದರೆ ನೋಡುವವರಿಗೆ ಹೊಚ್ಚಹೊಸ ಮಷೀನು. 2022ರ ಐ3-12100 ಕೂಡ ಆ ಐ7ನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೂ ಆ ಐ7 ಇಲ್ಲ.

ಹುಡುಗ ಪಿಯುಸಿ ಮುಗಿಸಿದ ಖುಷಿಗೆ ಭಾವ ಕೂಡಿಟ್ಟ ದುಡ್ಡು ಅದು. ಹಾಗಾಗಿ ಅವನನ್ನು ಕೂರಿಸಿಕೊಂಡು ಒಂದೊಂದೇ ಬಿಡಿಭಾಗವನ್ನು ಬಿಡಿಸಿ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಟ, ಆಮೇಲೆ ಮಾನಿಟರ್

ಎಲ್ಲರೂ ಪ್ರೊಸೆಸರ್‌ನಿಂದ ಶುರು ಮಾಡಿ, ಕೊನೆಗೆ ಉಳಿದ ದುಡ್ಡಿನಲ್ಲಿ ಮಾನಿಟರ್ ತರುತ್ತಾರೆ. ನೀವು ಉಲ್ಟಾ ಮಾಡಿ. ಒಂದು ಹಾಳೆಯಲ್ಲಿ ನೀವು ನಿಜವಾಗಿ ಆಡುವ ಐದು ಆಟಗಳ ಹೆಸರು ಬರೆಯಿರಿ. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಥರದ್ದೇ ಜಾಸ್ತಿ ಇದ್ದರೆ ನಿಮಗೆ ಬೇಕಾದ್ದು ವೇಗ. ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಷನ್ 2 ಥರದ್ದಾದರೆ ಬೇಕಾದ್ದು ಚಿತ್ರದ ಅಂದ. ಮೊದಲನೆಯದಕ್ಕೆ ಪ್ರೊಸೆಸರ್ ಮೇಲೆ ಹೊರೆ ಹೆಚ್ಚು, ಎರಡನೆಯದಕ್ಕೆ ಗ್ರಾಫಿಕ್ಸ್ ಕಾರ್ಡ್ ಮೇಲೆ.

ಯಾಕೆ ಹೀಗೆ? ರಂಗೋಲಿ ನೆನಪು ಮಾಡಿಕೊಳ್ಳಿ. ಶತ್ರು ಎಲ್ಲಿದ್ದಾನೆ, ಗುಂಡು ಯಾವ ಕಡೆ ಹೋಯಿತು ಅಂತ ಲೆಕ್ಕ ಹಾಕಿ ಚುಕ್ಕಿ ಇಡುವುದು ಪ್ರೊಸೆಸರ್. ಗೆರೆ ಎಳೆದು ಬಣ್ಣ ತುಂಬುವುದು ಗ್ರಾಫಿಕ್ಸ್ ಕಾರ್ಡ್. ಅದೇ ಚುಕ್ಕಿ ಲೆಕ್ಕದ ರಂಗೋಲಿಯನ್ನು ನಾಲ್ಕು ಪಟ್ಟು ದೊಡ್ಡ ಅಂಗಳದಲ್ಲಿ ಹಾಕಿದರೆ ಚುಕ್ಕಿ ಇಡುವ ಕೆಲಸ ಹೆಚ್ಚಾಗುವುದಿಲ್ಲ. ಬಣ್ಣದ ಕೆಲಸ ಮಾತ್ರ ನಾಲ್ಕು ಪಟ್ಟು ಆಗುತ್ತದೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ, 1440ಪಿಯಲ್ಲಿ ಸುಮಾರು 36.9 ಲಕ್ಷ, 4ಕೆಯಲ್ಲಿ ಸುಮಾರು 83 ಲಕ್ಷ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಕಾರ್ಡ್ ಇಷ್ಟನ್ನೂ ಸೆಕೆಂಡಿಗೆ 60 ಸಲ ತುಂಬಬೇಕು. ಹಾಗಾಗಿ ನೀವು ಆರಿಸಿದ ಪರದೆಯೇ ಯಾವ ಕಾರ್ಡ್ ಬೇಕು ಅನ್ನುವುದನ್ನು ಹೇಳಿಬಿಡುತ್ತದೆ.

ಇನ್ನೊಂದು ಲೆಕ್ಕ ಹರ್ಟ್ಸ್. 60 ಹರ್ಟ್ಸ್ ಮಾನಿಟರ್‌ನಲ್ಲಿ ಪ್ರತಿ 16.7 ಮಿಲಿಸೆಕೆಂಡಿಗೆ ಒಂದು ಹೊಸ ಚಿತ್ರ ಬರುತ್ತದೆ. 144 ಹರ್ಟ್ಸ್‌ನಲ್ಲಿ ಸುಮಾರು 7 ಮಿಲಿಸೆಕೆಂಡಿಗೆ. ಈ ವ್ಯತ್ಯಾಸ ಕಣ್ಣಿಗೂ ಗೊತ್ತಾಗುತ್ತದೆ, ಮೌಸ್ ಹಿಡಿದ ಕೈಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ: 24 ಇಂಚು, 1080ಪಿ, ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಬಗೆಯ ಪರದೆ), 144 ಹರ್ಟ್ಸ್ ಅಥವಾ ಜಾಸ್ತಿ. ಕೈಯಲ್ಲಿ ಇನ್ನೂ ಸ್ವಲ್ಪ ಇದ್ದರೆ 27 ಇಂಚಿನ 1440ಪಿ. 27 ಇಂಚಿನಲ್ಲಿ 1080ಪಿ ಬೇಡ, ಅಕ್ಷರಗಳ ಅಂಚು ಒಡೆದ ಹಾಗೆ ಕಾಣುತ್ತದೆ. 4ಕೆ ಸದ್ಯಕ್ಕೆ ಮರೆತುಬಿಡಿ. ಅದಕ್ಕೆ ತಕ್ಕ ಕಾರ್ಡಿನ ಬೆಲೆಯಲ್ಲಿ ಒಂದು ಇಡೀ ಕಂಪ್ಯೂಟರ್ ಬರುತ್ತದೆ.

ಗ್ರಾಫಿಕ್ಸ್ ಕಾರ್ಡ್: ದುಡ್ಡು ಹೋಗಬೇಕಾದ ಜಾಗ

ಮಾನಿಟರ್ ಬಿಟ್ಟು ಉಳಿದದ್ದನ್ನು ನೂರು ರೂಪಾಯಿ ಅಂದುಕೊಂಡರೆ ಮೂವತ್ತೈದರಿಂದ ನಲವತ್ತೈದು ರೂಪಾಯಿ ಕಾರ್ಡಿಗೆ ಹೋಗಲಿ. ಆಟಕ್ಕೆ ಅಂತಲೇ ಕೊಳ್ಳುವ ಮಷೀನಿನಲ್ಲಿ ಇದಕ್ಕಿಂತ ಕಡಿಮೆಯಾದರೆ ಬೇರೆ ಎಲ್ಲೋ ದುಡ್ಡು ಸೋರುತ್ತಿದೆ ಅಂತ ಅರ್ಥ.

ಹೆಸರು ಓದುವುದನ್ನು ಕಲಿಯಿರಿ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5060ರಲ್ಲಿ 50 ಅಂದರೆ ಪೀಳಿಗೆ, 60 ಅಂದರೆ ಆ ಪೀಳಿಗೆಯಲ್ಲಿ ಅದರ ದರ್ಜೆ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿಯಲ್ಲೂ ಹೆಚ್ಚುಕಮ್ಮಿ ಇದೇ ಲೆಕ್ಕ. ಬರೀ ‘4 ಜಿಬಿ ಕಾರ್ಡ್’, ‘8 ಜಿಬಿ ಕಾರ್ಡ್’ ಅಂತ ಹೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ. ಜಿಬಿ ಅನ್ನುವುದು ಕಾರ್ಡಿನ ಮೆಮೊರಿ, ಅಂದರೆ ಬಣ್ಣದ ಡಬ್ಬಿ ಇಟ್ಟುಕೊಳ್ಳುವ ಜಾಗ. ಬಣ್ಣ ತುಂಬುವ ಕೈಗಳೆಷ್ಟು ಅನ್ನುವುದು ಬೇರೆಯೇ ಮಾತು. ಜಿಟಿ 730ರಲ್ಲಿ ಅಂಥ ಕೋರ್ 384 ಇದ್ದರೆ, 2021ರ ಆರ್‌ಟಿಎಕ್ಸ್ 3060ಯಲ್ಲಿ 3584 ಇವೆ.

ಹಾಗಂತ ಮೆಮೊರಿ ಮುಖ್ಯ ಅಲ್ಲ ಅಂತಲ್ಲ. ಹೊಸ ಆಟಗಳಲ್ಲಿ ಕಾರ್ಡಿನ ಮೆಮೊರಿ ತುಂಬಿದರೆ ಉಳಿದದ್ದು ಕಂಪ್ಯೂಟರಿನ ರ‍್ಯಾಮ್‌ಗೆ ಹೋಗಿ ಕೂರುತ್ತದೆ. ಅಲ್ಲಿಂದ ಪ್ರತಿ ಸಲ ತರಿಸಿಕೊಳ್ಳುವಾಗ ಆಟ ತಡವರಿಸುತ್ತದೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) ಚೆನ್ನಾಗಿಯೇ ಕಾಣುತ್ತದೆ, ಆದರೆ ತಿರುವಿನಲ್ಲಿ ಚಿತ್ರ ಗಕ್ಕನೆ ನಿಲ್ಲುತ್ತದೆ. 1080ಪಿಯಲ್ಲಿ ಹಗುರ ಆಟಗಳಿಗೆ 8 ಜಿಬಿ ಸಾಕು. 1440ಪಿ ಅಥವಾ ದೊಡ್ಡ ಆಟಗಳಿಗೆ 12, 16 ಇರಲಿ. ಆರ್‌ಟಿಎಕ್ಸ್ 5060 ಟಿಐ, ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ ಒಂದೇ ಹೆಸರಿನಲ್ಲಿ 8 ಜಿಬಿ ಮತ್ತು 16 ಜಿಬಿಯಲ್ಲಿ ಬರುತ್ತವೆ. ಬಿಲ್‌ನಲ್ಲಿ ಯಾವುದು ಅಂತ ನೋಡಿಕೊಳ್ಳಿ. ಇಂಟೆಲ್‌ನ ಆರ್ಕ್ ಬಿ580 ಕೂಡ 12 ಜಿಬಿ ಕೊಡುತ್ತದೆ. ಅದಕ್ಕೆ ಹೊಸ ಪ್ರೊಸೆಸರ್ ಜೊತೆಗಿರಬೇಕು, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡಿನ ಒಳಗಿನ ತಂತ್ರಾಂಶ) ರೀಸೈಜಬಲ್ ಬಾರ್ ಅನ್ನುವ ಸೆಟ್ಟಿಂಗ್ ಆನ್ ಆಗಿರಬೇಕು. ಇಲ್ಲದಿದ್ದರೆ ವೇಗ ಸಿಗುವುದಿಲ್ಲ.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅನ್ನುವ ಮಾತು ಕೇಳಿರುತ್ತೀರಿ. ಚಿಕ್ಕ ಅಳತೆಯಲ್ಲಿ ಚಿತ್ರ ಬಿಡಿಸಿ ದೊಡ್ಡದು ಮಾಡಿ ತೋರಿಸುವ ತಂತ್ರ ಇದು. ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ‘ಫ್ರೇಮ್ ಜನರೇಷನ್’ ಹಾಕಿ ಹೇಳುವ ಎಫ್‌ಪಿಎಸ್‌ಗೆ ಮರುಳಾಗಬೇಡಿ. ನಡುವೆ ಸೇರಿಸಿದ ಆ ಚಿತ್ರಗಳಿಂದ ಪರದೆ ನಯವಾಗಿ ಕಾಣುತ್ತದೆ, ಆದರೆ ನೀವು ಗುಂಡಿ ಒತ್ತಿದ್ದಕ್ಕೆ ಆಟ ಬೇಗ ಸ್ಪಂದಿಸುವುದಿಲ್ಲ.

ಪ್ರೊಸೆಸರ್, ಬೋರ್ಡ್, ರ‍್ಯಾಮ್: ಮೂರನ್ನೂ ಒಟ್ಟಿಗೆ ಆರಿಸಿ

ಇವು ಮೂರೂ ಒಂದಕ್ಕೊಂದು ಹೊಂದಬೇಕು. ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂತು, ಅದಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. ಹಳೇ ಎಎಂ4ಗೆ ಡಿಡಿಆರ್4. ಇಂಟೆಲ್‌ನ 12, 13, 14ನೇ ಜನರೇಷನ್‌ಗೆ ಎಲ್‌ಜಿಎ 1700, ಅದರಲ್ಲಿ ಬೋರ್ಡ್ ನೋಡಿಕೊಂಡು ಡಿಡಿಆರ್4 ಅಥವಾ ಡಿಡಿಆರ್5. ಒಂದು ಬೋರ್ಡಿಗೆ ಎರಡೂ ಹಾಕಲಾಗುವುದಿಲ್ಲ, ರ‍್ಯಾಮ್‌ನ ಕಚ್ಚು ಬೇರೆ ಜಾಗದಲ್ಲಿರುತ್ತದೆ.

ನಾನು ಅಕ್ಕನ ಮಗನಿಗೆ ಹೇಳಿದ್ದು ಎಎಂ5. ಮುಂದೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ಅದರಲ್ಲಿ ತೆರೆದಿದೆ. ರೈಜೆನ್ 5 7500ಎಫ್ ಅಥವಾ 7600, ಆರು ಕೋರ್. ಆಟಕ್ಕೆ ಧಾರಾಳ ಸಾಕು. ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ, ಇಂಟೆಲ್‌ನಲ್ಲೂ ಅಷ್ಟೇ. ಕಾರ್ಡ್ ಕೆಟ್ಟು ವಾರಂಟಿಗೆ ಹೋದರೆ ಪರದೆಯಲ್ಲಿ ಏನೂ ಬರುವುದಿಲ್ಲ. ಓದಿಗೂ ಇದೇ ಕಂಪ್ಯೂಟರ್ ಆದರೆ ಸ್ವಲ್ಪ ಜಾಸ್ತಿ ಕೊಟ್ಟು ಎಫ್ ಇಲ್ಲದ್ದನ್ನೇ ತಗೊಳ್ಳಿ. ಎಕ್ಸ್3ಡಿ ಅಂತ ಇದ್ದರೆ ಪ್ರೊಸೆಸರ್‌ನೊಳಗಿನ ಕ್ಯಾಶ್ ಮೆಮೊರಿ (ಪದೇ ಪದೇ ಬೇಕಾಗುವ ಮಾಹಿತಿಯನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಜಾಗ) ತುಂಬಾ ಹೆಚ್ಚು. 7600ರಲ್ಲಿ ಎಲ್3 ಕ್ಯಾಶ್ 32 ಎಂಬಿ, 7800ಎಕ್ಸ್3ಡಿಯಲ್ಲಿ 96 ಎಂಬಿ. ಕೌಂಟರ್-ಸ್ಟ್ರೈಕ್ ಥರದ ಆಟವನ್ನು 240 ಹರ್ಟ್ಸ್‌ನಲ್ಲಿ ಆಡುವವರಿಗೆ ಅದರ ಬೆಲೆ ಸಾರ್ಥಕ. ಉಳಿದವರು ಆ ದುಡ್ಡನ್ನು ಕಾರ್ಡಿಗೆ ಹಾಕಲಿ.

ಇಂಟೆಲ್‌ನ 13, 14ನೇ ಜನರೇಷನ್‌ನ ದೊಡ್ಡ ಪ್ರೊಸೆಸರ್ ತಗೊಳ್ಳುವವರು ಮೊದಲು ಬಯಾಸ್ ಅಪ್‌ಡೇಟ್ ಮಾಡಿಸಿ. ಅವುಗಳಿಗೆ ಹೆಚ್ಚು ವೋಲ್ಟೇಜ್ ಹೋಗುವ ತೊಂದರೆಯನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ತಿದ್ದುಪಡಿ ಬಿಟ್ಟು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು.

ಮದರ್‌ಬೋರ್ಡ್‌ಗೆ ತೀರಾ ಜಾಸ್ತಿ ಸುರಿಯುವುದು ಬೇಡ. ಎಎಂ5ನಲ್ಲಿ ಬಿ650 ಮೈಕ್ರೋ-ಎಟಿಎಕ್ಸ್ (ಚಿಕ್ಕ ಅಳತೆಯ) ಬೋರ್ಡ್ ಸಾಕು. ನಾಲ್ಕು ರ‍್ಯಾಮ್ ಜಾಗ, ಎಸ್‌ಎಸ್‌ಡಿ ಕೂರಿಸಲು ಎರಡು ಎಂ.2 ಜಾಗ, ವೈಫೈ ಬೇಕೋ ಬೇಡವೋ, ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದೆಯೋ, ಇಷ್ಟು ನೋಡಿ. ಫ್ಲ್ಯಾಶ್‌ಬ್ಯಾಕ್ ಇದ್ದರೆ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕಬಹುದು.

ರ‍್ಯಾಮ್ ಒಂದೇ ಕಡ್ಡಿ ಬೇಡ, ಜೋಡಿ ಇರಲಿ. ಒಂದು 16ರ ಬದಲು ಎರಡು 8. ಎರಡಿದ್ದರೆ ಪ್ರೊಸೆಸರ್‌ಗೆ ಎರಡು ದಾರಿಯಲ್ಲಿ ಮಾಹಿತಿ ಬರುತ್ತದೆ. ಸಾಧ್ಯವಾದರೆ ಎರಡು 16 ಒಳ್ಳೆಯದು. ನಾಲ್ಕು ಡಿಡಿಆರ್5 ಕಡ್ಡಿ ಹಾಕಿದರೆ ವೇಗ ಇಳಿಸಬೇಕಾಗುತ್ತದೆ, ಹಾಗಾಗಿ ಆಮೇಲೆ ಸೇರಿಸೋಣ ಅನ್ನುವುದು ಅಷ್ಟು ಸುಲಭ ಅಲ್ಲ. ರೈಜೆನ್ 7000ಕ್ಕೆ 6000 ವೇಗದ, ಸಿಎಲ್30 ಅಂತ ಬರೆದಿರುವ ಜೋಡಿ ಚೆನ್ನಾಗಿ ಹೊಂದುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. ಮನೆಯಲ್ಲಿ ಒಳ್ಳೆಯ ಡಿಡಿಆರ್4 ಜೋಡಿ ಇದ್ದವರು ಎಎಂ4 ಬೋರ್ಡ್ ಮತ್ತು ರೈಜೆನ್ 5 5600 ಹಾಕಿಸಿಕೊಂಡರೆ ಇವತ್ತಿಗೂ ನಷ್ಟವಿಲ್ಲ. ಅಂಥವರಿಗೆ ಒಂದು ಮಾತು: ಆರ್‌ಟಿಎಕ್ಸ್ 4060, 5060 ಬೋರ್ಡಿನ ಜೊತೆ ಮಾಹಿತಿ ಓಡಾಡುವ ಪಿಸಿಐಇ ದಾರಿಯಲ್ಲಿ ಎಂಟೇ ಲೇನ್ ಬಳಸುವ ಕಾರ್ಡ್‌ಗಳು. ಬಿ450ಯಂಥ ಪಿಸಿಐಇ 3.0 ಬೋರ್ಡಿನಲ್ಲಿ ಅವು ಸ್ವಲ್ಪ ವೇಗ ಕಳೆದುಕೊಳ್ಳುತ್ತವೆ. ಬಿ550 ಆರಿಸಿ.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ಹೇಳುವುದಿಲ್ಲ. 1 ಟಿಬಿಗಿಂತ ಕಡಿಮೆ ಬೇಡ, ಒಂದೊಂದು ಆಟವೇ 100 ಜಿಬಿ ದಾಟುತ್ತದೆ. ಎಂ.2 ಅನ್ನುವುದು ಆಕಾರ ಮಾತ್ರ. ಅದರಲ್ಲಿ ಸೆಕೆಂಡಿಗೆ ಸುಮಾರು 550 ಎಂಬಿ ವೇಗದ ಸಾಟಾವೂ ಬರುತ್ತದೆ, 7000 ಎಂಬಿ ತಲುಪುವ ಎನ್‌ವಿಎಂಇಯೂ ಬರುತ್ತದೆ. ಎನ್‌ವಿಎಂಇ ಅಂತ ಕೇಳಿ ತಗೊಳ್ಳಿ. ಪಿಸಿಐಇ ಜೆನ್ 4 ಸಾಕು, ಜೆನ್ 5ಕ್ಕೆ ಕೊಡುವ ದುಡ್ಡು ಆಟದಲ್ಲಿ ಕಾಣುವುದಿಲ್ಲ.

ಎಸ್‌ಎಂಪಿಎಸ್: ಇಲ್ಲಿ ಮಾತ್ರ ಉಳಿಸಬೇಡಿ

ನನ್ನ ಮೊದಲ ಕಂಪ್ಯೂಟರಿನಲ್ಲಿ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಬದಲಿಸಿ ಕೊಡುವ ಡಬ್ಬಿ) ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದಿತ್ತು. ಒಂದು ಮಳೆಗಾಲದ ಸಂಜೆ ಕರೆಂಟ್ ಹೋಗಿ ಬಂತು, ಟಪ್ ಅಂತ ಶಬ್ದ, ಸುಟ್ಟ ವಾಸನೆ. ಎಸ್‌ಎಂಪಿಎಸ್ ಹೋಗಿದ್ದಲ್ಲದೆ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆಮೇಲೆ ಬಿಚ್ಚಿ ಲೇಬಲ್ ಓದಿದೆ. ಹೊರಗೆ ದೊಡ್ಡದಾಗಿ 450 ವಾಟ್. ಒಳಗಿನ ಚಿಕ್ಕ ಪಟ್ಟಿಯಲ್ಲಿ +12 ವೋಲ್ಟ್ ಕೆಳಗೆ 18 ಆಂಪ್.

ಈ ಗುಣಾಕಾರ ಎಲ್ಲರೂ ಕಲಿಯಬೇಕು. 12 ಇಂಟು 18 ಅಂದರೆ 216 ವಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು ಈ 12 ವೋಲ್ಟಿನ ಕರೆಂಟನ್ನೇ. ನಿಜವಾದ 450 ವಾಟ್ ಎಸ್‌ಎಂಪಿಎಸ್‌ನಲ್ಲಿ ಆ ಜಾಗದಲ್ಲಿ 36, 37 ಆಂಪ್ ಇರುತ್ತದೆ. ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಈ ಸಾಲು ಓದಿ. ಕೈಯಲ್ಲಿ ಎತ್ತಿಯೂ ನೋಡಿ, ಖಾಲಿ ಡಬ್ಬಿಯಷ್ಟು ಹಗುರ ಇದ್ದರೆ ಬಿಟ್ಟುಬಿಡಿ.

‘80 ಪ್ಲಸ್ ಬ್ರಾಂಜ್’ ಅಂದರೆ ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಶಾಖವಾಗಿ ಹಾಳಾಗದೆ ಒಳಗೆ ತಲುಪುತ್ತದೆ ಅನ್ನುವ ಅಳತೆ. ಅದು ಗುಣಮಟ್ಟದ ಪೂರ್ತಿ ಭರವಸೆ ಅಲ್ಲ. ಹಾಗಾಗಿ ವಾರಂಟಿ ವರ್ಷವನ್ನೂ ನೋಡಿ, ಐದು ವರ್ಷ ಕೊಡುವವರ ಮಾಲು ಸಾಮಾನ್ಯವಾಗಿ ಮೂರು ವರ್ಷದ್ದಕ್ಕಿಂತ ಗಟ್ಟಿ. ಲೆಕ್ಕ ಹೀಗೆ: 7600 ಜೋರಾಗಿ ಓಡುವಾಗ ಸುಮಾರು 90 ವಾಟ್, ಆರ್‌ಟಿಎಕ್ಸ್ 5060 ಟಿಐ 180 ವಾಟ್, ಉಳಿದದ್ದೆಲ್ಲ ಸೇರಿ 50. ಒಟ್ಟು 320. ಕಾರ್ಡ್ ಕ್ಷಣಮಾತ್ರ ಇದಕ್ಕಿಂತ ಜಾಸ್ತಿ ಎಳೆಯುತ್ತದೆ, ಹಾಗಾಗಿ 600ರಿಂದ 650 ವಾಟ್ ಇಟ್ಟುಕೊಳ್ಳಿ.

ಮಲೆನಾಡಿನವರು, ಹಳ್ಳಿ ಕಡೆಯವರು ಯುಪಿಎಸ್ ದುಡ್ಡನ್ನೂ ಮೊದಲೇ ಎತ್ತಿಡಿ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವಾಟ್ ಮಾತ್ರ. ಮಾನಿಟರೂ ಸೇರಿ ಆಟದ ಮಧ್ಯೆ ಕರೆಂಟ್ ಹೋದರೆ ಅದು ಹೊರೆ ತಾಳದೆ ಕೂಡಲೇ ಆಫ್ ಆಗಬಹುದು. 1000 ವಿಎ ಮೇಲಿನದು ತಗೊಳ್ಳಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅಂದರೆ ಮನೆಯ ಅರ್ಥಿಂಗ್ ಸರಿಯಿಲ್ಲ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಗುಡುಗು ಶುರುವಾದರೆ ಪವರ್ ಪ್ಲಗ್ ಜೊತೆ ಇಂಟರ್ನೆಟ್ ಕೇಬಲ್ಲನ್ನೂ ತೆಗೆಯಿರಿ. ಸಿಡಿಲು ಆ ತಂತಿಯಲ್ಲೂ ಬರುತ್ತದೆ.

ಕ್ಯಾಬಿನೆಟ್, ಕೂಲರ್

ಮುಂಭಾಗದಲ್ಲಿ ಜಾಲರಿ ಇರುವುದನ್ನು ಆರಿಸಿ. ಪೂರ್ತಿ ಗಾಜಿನದ್ದು ನೋಡಲು ಚೆಂದ, ಆದರೆ ಗಾಳಿ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಇರುತ್ತದೆ, ಒಳಗಿನ ಕಾರ್ಡಿನ ಗತಿ ಯೋಚಿಸಿ. ಮುಂದೆ ಎರಡು ಫ್ಯಾನ್ ಒಳಗೆಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ. ಬಿಚ್ಚಿ ತೊಳೆಯಬಹುದಾದ ಧೂಳಿನ ಜಾಲರಿ ಇರಲಿ. 7600ರ ಡಬ್ಬಿಯಲ್ಲೇ ಕೂಲರ್ ಬರುತ್ತದೆ, 7600ಎಕ್ಸ್‌ನಲ್ಲಿ ಬರುವುದಿಲ್ಲ. ಆರು ಕೋರಿನ ಪ್ರೊಸೆಸರ್‌ಗೆ ನೀರಿನ ಕೂಲರ್ ಬೇಕಿಲ್ಲ. ಕಾರ್ಡಿನ ಉದ್ದ ಕ್ಯಾಬಿನೆಟ್‌ಗೆ ಹಿಡಿಸುತ್ತದಾ ಅಂತ ಮಿಲಿಮೀಟರ್‌ನಲ್ಲಿ ನೋಡಿ, ಮೂರು ಫ್ಯಾನಿನವು 300 ದಾಟುವುದುಂಟು.

ಕೊಳ್ಳುವ ದಿನ

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರು ಬೆಳಿಗ್ಗೆಯೇ ಹೋಗಿ, ಅಂಗಡಿಯವರಿಗೆ ಮಾತಾಡಲು ಸಮಯ ಇರುತ್ತದೆ. ಪ್ರತಿ ಭಾಗದ ಪೂರ್ತಿ ಮಾಡೆಲ್ ಹೆಸರು ಬರೆದ ಪಟ್ಟಿಯನ್ನು ಮೂರು ಅಂಗಡಿಯಲ್ಲಿ ಕೊಡಿ. ಆನ್‌ಲೈನ್ ಬೆಲೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. “ಬಿಲ್ ಬೇಡ ಅಂದ್ರೆ ಕಮ್ಮಿ ಆಗುತ್ತೆ” ಅಂದರೆ ಬೇಡ ಅನ್ನಿ. 18 ಪರ್ಸೆಂಟ್ ಜಿಎಸ್‌ಟಿ ಉಳಿಯಿತು ಅಂದುಕೊಂಡರೆ ವಾರಂಟಿ ಹೋಯಿತು. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ, ಡಬ್ಬಿಯ ಮೇಲಿನದ್ದಕ್ಕೆ ತಾಳೆ ನೋಡಿ. ಹೇಳಿದ ಮಾಡೆಲ್ ಸ್ಟಾಕ್ ಇಲ್ಲ, ‘ಸೇಮ್ ಪರ್ಫಾರ್ಮೆನ್ಸ್’ ಇನ್ನೊಂದಿದೆ ಅಂದರೆ ಅಲ್ಲೇ ಒಪ್ಪಿಕೊಳ್ಳಬೇಡಿ. ಟೀ ಕುಡಿದು ಬರುತ್ತೇನೆ ಅಂತ ಹೊರಗೆ ಬಂದು ಫೋನಿನಲ್ಲಿ ನೋಡಿ.

ಜೋಡಿಸುವಾಗ, ಆನ್ ಮಾಡುವಾಗ

ಅಂಗಡಿಯಲ್ಲೇ ಜೋಡಿಸಿ ಕೊಡುತ್ತಾರೆ. ಆದರೂ ಒಮ್ಮೆ ನೀವೇ ಮಾಡಿ ಅಂತ ಹೇಳುತ್ತೇನೆ. ಬೇಕಾದ್ದು ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಮಧ್ಯಾಹ್ನ. ಎಎಂ5ನಲ್ಲಿ ಕೂದಲಿನಂಥ ಪಿನ್‌ಗಳು ಬೋರ್ಡಿನ ಮೇಲಿರುತ್ತವೆ, ಬೆರಳು ತಾಗಿಸಬೇಡಿ. ಪ್ರೊಸೆಸರ್ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಸರಿಯಾಗಿ ಹಿಡಿದು ಸುಮ್ನೆ ಬಿಡಿ, ಒತ್ತಬೇಡಿ. ಲಿವರ್ ಇಳಿಸುವಾಗ ಬಿಗಿ ಅನಿಸುತ್ತದೆ, ಕಿರ್ ಅಂತ ಸದ್ದೂ ಬರಬಹುದು. ಅದು ಸಹಜ. ಎರಡು ರ‍್ಯಾಮ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಜಾಗಕ್ಕೆ ಹಾಕಿ, ಟಕ್ ಅನ್ನುವ ತನಕ ಒತ್ತಿ. ಪ್ರೊಸೆಸರ್‌ನ 4+4 ಪಿನ್ ಕೇಬಲ್ ಮತ್ತು ಕಾರ್ಡಿನ 6+2 ಪಿನ್ ಕೇಬಲ್ ನೋಡಲು ಒಂದೇ ಥರ ಇರುತ್ತವೆ, ಮೇಲಿನ ಅಕ್ಷರ ಓದಿ. ಇನ್ನೊಂದು ಎಸ್‌ಎಂಪಿಎಸ್‌ನ ಬಿಚ್ಚುವ ಕೇಬಲ್ ತಂದು ಇದಕ್ಕೆ ಹಾಕಲೇಬೇಡಿ, ಒಳಗಿನ ತಂತಿ ಜೋಡಣೆ ಬೇರೆ ಇರಬಹುದು.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇರುತ್ತದೆ. ಅಕ್ಕನ ಮಗ ಹೆದರಿ ವಿಡಿಯೊ ಕಾಲ್ ಮಾಡಿದ್ದ, “ಮಾಮ, ಫ್ಯಾನ್ ತಿರುಗ್ತಿದೆ, ಏನೂ ಬರ್ತಿಲ್ಲ.” ಕೈ ಕಟ್ಟಿ ಕೂತ್ಕೋ ಅಂದೆ. ಎಎಂ5 ಬೋರ್ಡ್ ಮೊದಲ ಸಲ ಡಿಡಿಆರ್5 ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ, ಅದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿಂದ. ಸ್ವಲ್ಪ ಹೊತ್ತಿಗೆ ಬೋರ್ಡಿನ ಲೋಗೊ ಬಂತು.

ಆಮೇಲೆ ಮೂರು ಕೆಲಸ ಮರೆಯಬೇಡಿ. ಮಾನಿಟರ್ ಕೇಬಲ್ ಕೆಳಗಿನ ಕಾರ್ಡಿಗೆ ಹೋಗಬೇಕು, ಮೇಲಿನ ಮದರ್‌ಬೋರ್ಡಿಗಲ್ಲ. ಬಯಾಸ್‌ನಲ್ಲಿ ಎಕ್ಸ್‌ಪೋ ಆನ್ ಮಾಡಿ, ಇಂಟೆಲ್ ಆದರೆ ಎಕ್ಸ್‌ಎಂಪಿ. ಇಲ್ಲದಿದ್ದರೆ 6000ಕ್ಕೆ ದುಡ್ಡು ಕೊಟ್ಟ ರ‍್ಯಾಮ್ 4800ರಂಥ ಮೂಲ ವೇಗದಲ್ಲೇ ಓಡುತ್ತಿರುತ್ತದೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಹರ್ಟ್ಸ್ ಬದಲಿಸಿ, 144ರ ಮಾನಿಟರನ್ನು ವರ್ಷಗಟ್ಟಲೆ 60ರಲ್ಲೇ ನೋಡಿದವರಿದ್ದಾರೆ. ವ್ಯಾಲೊರಂಟ್ ಆಡುವವರು ವಿಂಡೋಸ್ 11ರಲ್ಲಿ ಬಯಾಸ್‌ನ ಭದ್ರತಾ ಸೆಟ್ಟಿಂಗ್‌ಗಳಾದ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಆನ್ ಇರಲಿ, ಇಲ್ಲದಿದ್ದರೆ ಆಟ ತೆರೆಯುವುದಿಲ್ಲ.

ಡಬ್ಬಿಗಳನ್ನೆಲ್ಲ ಅಟ್ಟದ ಮೇಲೆ ಇಡಿ. ಬಿಲ್ ಥರ್ಮಲ್ ಕಾಗದದ (ಶಾಖಕ್ಕೆ ಅಕ್ಷರ ಮೂಡುವ ನಯವಾದ ಕಾಗದ) ಪ್ರಿಂಟ್ ಆಗಿದ್ದರೆ ಒಂದೇ ಬೇಸಿಗೆಗೆ ಅಕ್ಷರ ಮಾಸಿ ಬಿಳಿಯಾಗುತ್ತದೆ. ಮನೆಗೆ ಬಂದ ದಿನವೇ ಫೋಟೊ ತೆಗೆದು ನಿಮ್ಮದೇ ಇಮೇಲ್‌ಗೆ ಕಳಿಸಿಟ್ಟುಕೊಳ್ಳಿ.